ಹುಟ್ಟುಮುರಿಗುಡ್ಡ

ಅಳಿವೆಯ ಬಾಯಿಂದ ಪಡುವಣಕ್ಕೆ ಅರ್ಧ ಗಂಟೆ ದೋಣಿಯಲ್ಲಿ ಸಾಗಿದರೆ ಹುಟ್ಟುಮುರಿಗುಡ್ಡ ಸಿಗುತ್ತದೆ. ಹೆಸರಿಗೆ ಗುಡ್ಡ, ಇರುವುದು ಕಡಲ ನಡುವಿನ ನಡುಗಡ್ಡೆ. ನೆತ್ತಿಯಲ್ಲಿ ಕೇದಗೆಯ ಪೊದೆ, ಸುತ್ತಲೂ ಕರಿಬಂಡೆ. ಈಗ ಮೋಟಾರು ದೋಣಿಯವರು ಪ್ರವಾಸಿಗಳನ್ನು ಕರೆದೊಯ್ದು ಕಡಲಹದ್ದು, ಡಾಲ್ಫಿನ್ ತೋರಿಸುತ್ತಾರೆ. ಅವರ ಫಲಕದಲ್ಲಿ ಇದು 'ಹನಿಮೂನ್ ಐಲ್ಯಾಂಡ್'. ಒಬ್ಬ ಹೆಂಗಸು ಸಿಟ್ಟಿನಿಂದ ಗಳಿಸಿಕೊಟ್ಟ ಹೆಸರಿನ ಮೇಲೆ ಬಣ್ಣ ಬಳಿಯಲು ಇವರಿಗೆ ಅಪ್ಪಣೆ ಕೊಟ್ಟವರು ಯಾರು?

ಹಿಂದೆ ಒಮ್ಮೆ, ಈ ಸೀಮೆಯನ್ನು ಸಣ್ಣಪುಟ್ಟ ನಾಯಕರು ಆಳುತ್ತಿದ್ದಾಗ, ಅಳಿವೆಯ ಅಂಬಿಗರ ಕೇರಿಯಲ್ಲಿ ಮಂಕಾಳಿ ಎಂಬ ಅಂಬಿಗಿತ್ತಿ ಇದ್ದಳಂತೆ. ಗಂಡ ಕಡಲಪಾಲಾದ ಮೇಲೆ ಅವನ ದೋಣಿಯನ್ನು ತಾನೇ ನಡೆಸುತ್ತಿದ್ದಳು. ಚೈತ್ರ ವೈಶಾಖಗಳಲ್ಲಿ ರೀವ ಎಂಬ ಕಡಲಹಕ್ಕಿಗಳು ಸಾವಿರಗಟ್ಟಲೆ ಬಂದು ಗುಡ್ಡದ ಬರಿಬಂಡೆಯ ಮೇಲೆ ಮೊಟ್ಟೆಯಿಡುತ್ತಿದ್ದವು. ರೀವ ಎರಗಿದಲ್ಲಿ ಮೀನಿನ ಹಿಂಡು. ಕೇರಿಯವರು ಅದನ್ನು ನೋಡಿಯೇ ಬಲೆ ಬೀಸುತ್ತಿದ್ದರು. ಆ ಎರಡು ತಿಂಗಳು ಗುಡ್ಡಕ್ಕೆ ಯಾರೂ ಕಾಲಿಡುತ್ತಿರಲಿಲ್ಲ.

ಒಂದು ವೈಶಾಖದಲ್ಲಿ ಚೆನ್ನರಸ ನಾಯಕ ಮೂವರು ಅತಿಥಿಗಳೊಡನೆ ವಿಹಾರಕ್ಕೆ ಹೊರಟ. ದೋಣಿಯಲ್ಲೇ ಕೂತು ಹಕ್ಕಿ ನೋಡುವುದಾಗಿ ಮಾತು ಕೊಟ್ಟಿದ್ದರಿಂದ ಮಂಕಾಳಿ ಒಪ್ಪಿದಳು. ಬಂಡೆ ಹತ್ತಿರವಾದದ್ದೇ ತಡ, ನಾಲ್ವರೂ ಹಾರಿ ಇಳಿದರು. ಮೊಟ್ಟೆಗಳನ್ನು ತುಳಿದರು, ಬಾಚಿಕೊಂಡು ಒಬ್ಬರ ಮೇಲೊಬ್ಬರು ಎಸೆದು ನಕ್ಕರು. ತಲೆಯ ಮೇಲೆ ಹಕ್ಕಿಗಳ ಆಕ್ರಂದನ. ತನ್ನ ಕೈಯ ಹುಟ್ಟೇ ಇವರನ್ನು ಇಲ್ಲಿಗೆ ತಂದಿತಲ್ಲ ಎಂದು ಮಂಕಾಳಿಯ ಮೈಯೆಲ್ಲ ಉರಿಯಿತು.

"ನೋಡೂಕೆ ಹೋಗ್ವ ಅಂದಿದ್ರಿ ಒಡೆಯಾ. ಅದನ್ನೇ ನಂಬಿ ಕರ್ಕಂಡು ಬಂದೆ" ಎಂದಳು.

"ಹಕ್ಕಿ ಮೊಟ್ಟೆ ಮುಟ್ಟಲು ನಿನ್ನ ಅಪ್ಪಣೆ ಬೇಕೇನೇ?" ಎಂದ ನಾಯಕ.

ಮಂಕಾಳಿ ಎರಡೂ ಹುಟ್ಟುಗಳನ್ನು ಬಂಡೆಯ ಬಿರುಕಿಗೆ ಸಿಕ್ಕಿಸಿ, ಮೈಭಾರ ಹಾಕಿ ಒಂದಾದ ಮೇಲೊಂದು ಮುರಿದಳು. "ಇನ್ನು ಕೂತ್ಕಳಿ. ಮೊಟ್ಟೆ ಒಡೆದವರೇ ಕಾವು ಕೊಡಿ."

ನಾಯಕ ಕತ್ತಿ ಹಿರಿದ. ನಮ್ಮಲ್ಲಿ ಈ ಬಂಡೆಗಳ ನಡುವಿನ ದಾರಿ ಬಲ್ಲವಳು ಇವಳೊಬ್ಬಳೇ ಎಂದು ಅತಿಥಿಯೊಬ್ಬ ಅವನ ಕೈ ಹಿಡಿದ. ಎರಡು ದಿನ ಕುಡಿಯಲು ಹನಿ ನೀರಿಲ್ಲ, ತಲೆಯ ಮೇಲೆ ಸುಡುಬಿಸಿಲು. ಮಂಕಾಳಿಗೂ ನಾಲಿಗೆ ಒಣಗಿತ್ತು. ಆದರೂ ಅವರಿಗೆ ಬೆನ್ನು ಹಾಕಿ ಕೂತೇ ಇದ್ದಳು. ಮೂರನೆಯ ಬೆಳಿಗ್ಗೆ ಕೇರಿಯ ದೋಣಿಗಳು ಹುಡುಕಿಕೊಂಡು ಬಂದಾಗ, ಆಣೆ ಮಾಡದೆ ಇವರನ್ನು ಹತ್ತಿಸಬೇಡಿ ಎಂದಳು. ಹಕ್ಕಿ ಕಾವು ಕೂರುವ ತಿಂಗಳಲ್ಲಿ ಗುಡ್ಡ ತುಳಿಯುವುದಿಲ್ಲ ಎಂದು ನಾಯಕ ಕಡಲನ್ನು ಮುಟ್ಟಿ ಆಣೆಯಿಟ್ಟ.

ದಡ ಸೇರಿ ನೀರು ಕುಡಿದದ್ದೇ ನಾಯಕನಿಗೆ ಆಣೆ ಮರೆತುಹೋಯಿತು. ಮಂಕಾಳಿಯ ದೋಣಿಯನ್ನು ಅವಳ ಕಣ್ಣೆದುರೇ ಸುಡಿಸಿದ. ಮಾಗಿಯಲ್ಲಿ, ಹಕ್ಕಿಗಳಿಲ್ಲದ ಹೊತ್ತು ನೋಡಿ, ಮುಂದಿನ ವಿಹಾರಕ್ಕೆ ಅನುಕೂಲವಾಗಲೆಂದು ಕಲ್ಲುಕುಟಿಗರಿಂದ ಬಂಡೆಯಲ್ಲಿ ಏಳು ಮೆಟ್ಟಿಲು ಕಡಿಸಿದ. ಕೊಟ್ಟ ಮಾತನ್ನು ಕಲ್ಲಿನಲ್ಲೇ ಕಡಿದುಹಾಕುವ ಧೈರ್ಯ ಒಡೆಯರಿಗಲ್ಲದೆ ಇನ್ನಾರಿಗೆ ಬಂದೀತು?

ವೈಶಾಖ ಬಂತು. ದೋಣಿ ತರಲು ಹೇಳಿಕಳಿಸಿದ. ಕೇರಿಯ ಅಂಬಿಗರೆಲ್ಲ ದೋಣಿ ಬಿಟ್ಟು ಹುಟ್ಟುಗಳನ್ನಷ್ಟೇ ಹೆಗಲಿಗೇರಿಸಿ ಬಂದರು. ಅವನ ಅಂಗಳದಲ್ಲಿ ಒಬ್ಬೊಬ್ಬರಾಗಿ ಮುರಿದು ರಾಶಿ ಹಾಕಿದರು. ಮುಂದೆ ನಿಂತವಳು ಮಂಕಾಳಿ.

"ಕಡಲು ಎಲ್ಲಿಗೂ ಹೋಗಲಿಲ್ಲ ಒಡೆಯಾ. ಈಜ್ಕಂಡು ಹೋಗಿ" ಎಂದಳಂತೆ.

ಆ ಹಂಗಾಮು ಕೇರಿ ಗೆಣಸು ತಿಂದು ಬದುಕಿತು. ನಾಯಕ ಬೇರೆ ಊರಿನ ಅಂಬಿಗರನ್ನು ಕರೆಸಿದ. ಸುದ್ದಿ ಕೇಳಿ ಅವರೂ ಅರ್ಧದಾರಿಯಿಂದ ತಿರುಗಿದರು. ಸಾಯುವವರೆಗೂ ಅವನು ಗುಡ್ಡ ಹತ್ತಲಿಲ್ಲ ಎನ್ನುತ್ತಾರೆ.

ಇಂದಿಗೂ ವೈಶಾಖದಲ್ಲಿ ಹೋದ ಪ್ರವಾಸಿಗಳು ಇಳಿಯುತ್ತೇವೆಂದು ಜಗಳ ತೆಗೆಯುವುದುಂಟು. ದೋಣಿಯವರು ಇಂಜಿನ್ ಆರಿಸಿ, ದೂರದಿಂದಲೇ ಆ ಏಳು ಮೆಟ್ಟಿಲುಗಳನ್ನು ತೋರಿಸುತ್ತಾರೆ. ಯಾವ ಕಾಲೂ ಸವೆಸದ ಅವುಗಳ ಅಂಚು ನಿನ್ನೆ ಕಡಿದಂತೆ ಚೂಪಾಗಿದೆ. ತುದಿಯ ಮೆಟ್ಟಿಲ ಮೇಲೆ ಒಂದು ರೀವ ಮೊಟ್ಟೆಗೆ ಕಾವು ಕೂತಿರುತ್ತದೆ.