ಆರಾಧ್ಯನ ಧೂಪ, ಮಾದಮ್ಮನ ಪೊರಕೆ

ಕಪಿಲಾ ನದಿ ಬಲಕ್ಕೆ ಹೊರಳುವ ಕಡೆ ಒಂದು ಚಿಕ್ಕ ಮಠ. ಮಠದಲ್ಲಿ ಓಲೆಗರಿಗಳ ಒಂದು ಕೋಣೆ. ಕೋಣೆಯಲ್ಲಿ ಒಂದು ಕಂಪ್ಯೂಟರು.

ಅದರ ಮುಂದೆ ಆರಾಧ್ಯ ಕೂತು ಎರಡು ವರ್ಷವಾಗಿತ್ತು. ಹುಳು ತಿನ್ನುತ್ತಿದ್ದ ಓಲೆಗಳ ಚಿತ್ರ ತೆಗೆದು, ಅಕ್ಷರ ಬಿಡಿಸಿ, ಕಂಪ್ಯೂಟರಿಗೆ ಏರಿಸುವುದು ಅವನ ಕಾಯಕ. ಆ ಕೆಲಸದಲ್ಲಿ ಅವನಿಗೆ ಸಾಟಿಯಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಮೂರು ವಾರದಿಂದ ಯಂತ್ರ ಸದ್ದು ಮಾಡುತ್ತಿತ್ತು. ಮೊದಲು ಬರೀ ಟಕ ಟಕ. ಆಮೇಲೆ ಭರ್ರೆಂಬ ಮೊರೆತ. ಈಗೀಗ ನಾಲ್ಕು ಚಿತ್ರ ತೆರೆದರೆ ಸಾಕು, ಕಾಲು ಗಂಟೆ ಕೂಗಾಡಿ ತಾನಾಗಿಯೇ ಆರಿಹೋಗುತ್ತಿತ್ತು.

ಆ ಬೆಳಿಗ್ಗೆ ಅವನು ಗುರುಗಳ ಬಳಿ ಹೋದ. ಕರಿಬಸವಯ್ಯ ಗುರುಗಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ದೀಕ್ಷೆಗೆ ಮುಂಚೆ ಹದಿನಾರು ವರ್ಷ ರೈಸ್‌ಮಿಲ್ಲಿನಲ್ಲಿ ಫಿಟರ್ ಆಗಿದ್ದವರು. ಕೈ ಸುಮ್ಮನಿದ್ದರೆ ಅವರಿಗೆ ಆಗದು.

"ಬುದ್ಧಿ, ಕಂಪ್ಯೂಟರಿನ ಫ್ಯಾನು ಕೆಟ್ಟಿದೆ."

"ಯಾವ ಫ್ಯಾನು?"

"ಹಿಂದುಗಡೆಯದು. ನಿನ್ನೆ ಹರಳೆಣ್ಣೆಯನ್ನೂ ಬಿಟ್ಟೆ."

"ಸದ್ದು ನಿಂತಿತೋ?"

"ಇಲ್ಲ."

"ಒಳಗೆ ಎಷ್ಟು ಫ್ಯಾನಿವೆ?"

ಆರಾಧ್ಯ ಬೆರಳು ಮಡಿಸಿದ. "ಹಿಂದೆ ಒಂದು. ಕರೆಂಟಿನ ಡಬ್ಬಿಯಲ್ಲಿ ಒಂದು. ಪ್ರೊಸೆಸರಿನ ಮೇಲೆ ಒಂದು. ಮೂರು ಬುದ್ಧಿ."

"ಹೊಟ್ಟೆನೋವು ಅಂದವನ ಮಂಡಿಗೆ ಎಣ್ಣೆ ತಿಕ್ಕಿದ್ದೀಯ. ಆಗಲಿ. ಕಾಯಿಲೆಗೆ ಕಾರಣ?"

"ಅದು ಖಚಿತವಾಗಿದೆ. ಮಾದಮ್ಮನ ಪೊರಕೆ. ಅವರು ಗುಡಿಸುವ ರಭಸಕ್ಕೆ ಎದ್ದ ಧೂಳೆಲ್ಲ ಒಳಗೆ ಹೋಗಿದೆ. ನಿನ್ನೆ ಊಟದ ಪಂಕ್ತಿಯಲ್ಲೇ ಹೇಳಿದೆ, ಎಲ್ಲರಿಗೂ ತಿಳಿಯಲಿ ಎಂದು. ಇವತ್ತಿನಿಂದ ಕೋಣೆಗೆ ಬರಬೇಡಿ ಎಂದೂ ಹೇಳಿದೆ."

"ಅವಳೇನಂದಳು?"

"ಏನೂ ಅನ್ನಲಿಲ್ಲ. ತಪ್ಪು ಅರಿವಾಗಿರಬೇಕು."

ಗುರುಗಳು ಅವರೆಕಾಯಿಯ ಮೊರ ಬದಿಗಿಟ್ಟರು. ಬಾಗಿಲ ಪಕ್ಕಕ್ಕೆ ಕಣ್ಣಲ್ಲೇ ತೋರಿಸಿದರು. ಅಲ್ಲಿ ಒಂದು ಪೊರಕೆ ಒರಗಿತ್ತು.

"ಬೆಳಗಾಗುತ್ತಲೇ ಇಟ್ಟು ಹೋದಳು. ಹನ್ನೊಂದರ ಬಸ್ಸಿಗೆ ಮಗಳ ಊರಿಗೆ ಹೊರಟಿದ್ದಾಳೆ. ಇನ್ನು ಬರುವುದಿಲ್ಲವಂತೆ. ಇಪ್ಪತ್ತೆರಡು ವರ್ಷ ಈ ಮಠ ಗುಡಿಸಿದವಳು."

ಆರಾಧ್ಯ ಪೊರಕೆಯನ್ನು ನೋಡಿದ.

"ನಡಿ," ಎಂದರು ಗುರುಗಳು. "ಇನ್ನೂ ಒಂಬತ್ತೂವರೆ."

ಕೋಣೆಯಲ್ಲಿ ಗುರುಗಳು ಕಂಪ್ಯೂಟರಿನ ಡಬ್ಬಿಯ ಪಕ್ಕದ ಹಲಗೆ ಬಿಚ್ಚಿಸಿದರು. ಯಂತ್ರ ಚಾಲೂ ಮಾಡಿಸಿದರು. ಸೊಂಟದಿಂದ ಒಂದು ಉದ್ದನೆಯ ಸ್ಕ್ರೂಡ್ರೈವರು ತೆಗೆದು ಶಿಷ್ಯನ ಕೈಗಿತ್ತರು.

"ಹಿಡಿಯನ್ನು ಕಿವಿಗೆ ಒತ್ತಿಕೋ. ತುದಿಯನ್ನು ಫ್ಯಾನಿನ ಪ್ಲಾಸ್ಟಿಕ್ ಚೌಕಟ್ಟಿಗೆ ತಾಗಿಸು. ಬೇರೆಲ್ಲೂ ತಾಗಿಸಬೇಡ. ಮಿಲ್ಲಿನಲ್ಲಿ ಬೇರಿಂಗಿನ ಮಾತನ್ನು ನಾವು ಹೀಗೇ ಕೇಳುತ್ತಿದ್ದೆವು."

ಆರಾಧ್ಯ ಹಿಂದಿನ ಫ್ಯಾನಿಗೆ ತಾಗಿಸಿದ. ಹರಳೆಣ್ಣೆ ಕುಡಿದ ಫ್ಯಾನು ಸುಖವಾಗಿ ಗುನುಗುತ್ತಿತ್ತು.

ಕರೆಂಟಿನ ಡಬ್ಬಿಯದನ್ನು ಕೇಳಿದ. ಅದರಲ್ಲೂ ಕುಂದಿರಲಿಲ್ಲ.

ಪ್ರೊಸೆಸರಿನ ಮೇಲಿನದಕ್ಕೆ ತಾಗಿಸಿದ್ದೇ ತಡ, ತಟ್ಟನೆ ತಲೆ ಹಿಂದಕ್ಕೆಳೆದ.

"ಇದೇ ಬುದ್ಧಿ!"

"ಏನನ್ನುತ್ತದೆ?"

"ಟಕ ಟಕ ಅನ್ನುತ್ತದೆ. ಅದರ ಹಿಂದೆ ಇನ್ನೊಂದಿದೆ. ದಮ್ಮಿನವರು ಏದುಸಿರು ಬಿಟ್ಟ ಹಾಗೆ."

"ಎರಡು ಸದ್ದಿದ್ದರೆ ಎರಡು ಕಾರಣವಿರಬೇಕು. ಆರಿಸು. ಪ್ಲಗ್ಗನ್ನೂ ಕೀಳು."

ಆರಾಧ್ಯ ಪ್ಲಗ್ಗು ಕಿತ್ತ. ಫ್ಯಾನನ್ನು ಹಿಡಿದಿದ್ದ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಿದ. ಫ್ಯಾನು ಕೈಗೆ ಬಂತು.

ಕೆಳಗೆ ಬಿಸಿ ಹೊರಹಾಕುವ ಅಲ್ಯೂಮಿನಿಯಮ್ಮಿನ ತೆಳು ಪಟ್ಟಿಗಳ ಸಾಲು ಇರಬೇಕಿತ್ತು. ಪಟ್ಟಿಗಳು ಕಾಣಲೇ ಇಲ್ಲ. ಅವುಗಳ ಮೇಲೆ ಕಂಬಳಿ ಹೊದಿಸಿದಂತೆ ಬೂದು ಬಣ್ಣದ ದಪ್ಪ ಪದರ.

"ನೋಡಿದಿರಾ ಬುದ್ಧಿ!" ಆರಾಧ್ಯನ ದನಿಯಲ್ಲಿ ಗೆಲುವಿತ್ತು. "ಧೂಳು!"

"ಮೂಸಿ ನೋಡು."

"ಬುದ್ಧಿ?"

"ಮೂಗಿದೆಯಲ್ಲ. ಮೂಸು."

ಆರಾಧ್ಯ ಒಂದು ಚಿಟಿಕೆ ಎತ್ತಿ ಮೂಗಿನ ಬಳಿ ತಂದ. ತಂದವನು ಹಾಗೆಯೇ ನಿಂತ.

ಸಾಂಬ್ರಾಣಿ.

ಬೆರಳಲ್ಲಿ ಉಜ್ಜಿದ. ನುಣ್ಣಗೆ, ಬೆಳ್ಳಗೆ ಚರ್ಮಕ್ಕೆ ಅಂಟಿತು. ಪ್ರತಿದಿನ ಹಣೆಗೆ ಹಚ್ಚುವವನಿಗೆ ವಿಭೂತಿಯ ಗುರುತು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಫ್ಯಾನಿನ ನಡುವೆ ಏನು ಸುತ್ತಿಕೊಂಡಿದೆ?"

ಆರಾಧ್ಯ ಉಗುರಿನಿಂದ ಎಳೆದ. ಒಣಗಿದ ಬಾಳೆನಾರು. ಹೂವಿನ ಸರ ಕಟ್ಟುವ ನಾರು. ಅದರ ತುದಿಯೇ ರೆಕ್ಕೆಗೆ ಬಡಿದು ಟಕಟಕಿಸುತ್ತಿತ್ತು.

ದಿನಾ ಕೆಲಸಕ್ಕೆ ಕೂರುವ ಮುಂಚೆ ಅವನು ಡಬ್ಬಿಗೆ ಮೂರೆಳೆ ವಿಭೂತಿ ಬಳಿಯುತ್ತಿದ್ದ. ಮೇಲಿನ ಜಾಲರಿಗೆ ಹೂವಿನ ಸರ ಹಾಕುತ್ತಿದ್ದ. ಗಾಳಿ ಎಳೆದುಕೊಳ್ಳುವ ಮುಂದಿನ ಜಾಲರಿಯ ಎದುರಿಗೇ ಧೂಪದ ಬಟ್ಟಲಿಟ್ಟು, ಹೊಗೆ ನೇರವಾಗಿ ಒಳಗೆ ಹೋಗುವುದನ್ನು ಕಂಡು ಯಂತ್ರ ಪೂಜೆ ಒಪ್ಪಿಕೊಂಡಿತು ಎಂದು ಕಣ್ಣು ಮುಚ್ಚುತ್ತಿದ್ದ.

"ಬುದ್ಧಿ, ಕೈ ಮುಗಿಯದೆ ಉಪಕರಣ ಮುಟ್ಟಬೇಡ ಅಂದವರು ನೀವೇ."

"ಕೈ ಮುಗಿ ಅಂದೆ. ಉಸಿರು ಕಟ್ಟಿಸು ಅನ್ನಲಿಲ್ಲ."

ಆರಾಧ್ಯ ಓಲೆಗರಿ ಒರೆಸುವ ಮೆತ್ತನೆಯ ಕುಂಚ ತಂದ. ಪಟ್ಟಿಪಟ್ಟಿಯ ನಡುವೆ ಕುಂಚ ಆಡಿಸಿ ಬೂದಿ ಬಿಡಿಸಿದ. ಫ್ಯಾನಿನ ರೆಕ್ಕೆಗಳನ್ನು ತಿರುಗದಂತೆ ಬೆರಳಲ್ಲಿ ಹಿಡಿದು ಒರೆಸಿದ. ಎಲ್ಲವನ್ನೂ ಮೊದಲಿನಂತೆ ಕೂರಿಸಿ, ಪ್ಲಗ್ಗು ಹಾಕಿ, ಗುಂಡಿ ಒತ್ತಿದ.

ಯಂತ್ರ ಎದ್ದಿತು. ನದಿಯ ಸದ್ದು ಕಿಟಕಿಯಿಂದ ಕೇಳಿಸಿತು. ಮೂರು ವಾರದಿಂದ ಆ ಕೋಣೆಯಲ್ಲಿ ನದಿ ಕೇಳಿಸಿರಲಿಲ್ಲ.

ಅವನ ಕೈ ತಾನಾಗಿಯೇ ಕುರ್ಚಿ ಎಳೆಯಿತು. "ನಿಂತುಹೋದ ಓಲೆ ಒಂದೇ ಒಂದು ಮುಗಿಸಿ..."

ಗುರುಗಳು ಕುರ್ಚಿಯ ಮೇಲೆ ಕೂತರು.

"ಗಂಟೆ ಎಷ್ಟು?" ಎಂದು ಕೇಳಿದರು.

ಹತ್ತೂಮುಕ್ಕಾಲು.

ಆರಾಧ್ಯ ಓಡಿದ. ಮಠದ ಹಾದಿ ಟಾರು ರಸ್ತೆ ಸೇರುವ ಕಡೆ ಒಂದು ಮೋರಿಕಟ್ಟೆ. ಮಾದಮ್ಮ ಅದರ ಮೇಲೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಮಾದಮ್ಮ, ನಿಮ್ಮ ಪೊರಕೆಯಲ್ಲ. ನನ್ನ ಧೂಪ. ನನ್ನ ವಿಭೂತಿ. ತಪ್ಪು ನನ್ನದೇ."

ಮಾದಮ್ಮ ರಸ್ತೆ ನೋಡುತ್ತಿದ್ದಳು.

"ತಪ್ಪಾಯಿತು ಎಂದು ಹೇಳಲು ಬಂದೆ. ವಾಪಸ್ ಬನ್ನಿ."

"ಇಲ್ಲಿ ಯಾರವ್ರೆ ಅಯ್ನೋರೆ?" ಎಂದಳು.

"ಯಾರೂ ಇಲ್ಲ."

"ನಿನ್ನೆ ನೀವು ಹೇಳ್ದಾಗ ನಲವತ್ತು ಎಲೆ ಹಾಕಿತ್ತು. ಎಲ್ರೂ ಅನ್ನ ಕಲಸೋದು ಬಿಟ್ಟು ನನ್ನೇ ನೋಡುದ್ರು. ಪಂಕ್ತೀಲಿ ಆಡಿದ್ ಮಾತ್ನ ಮೋರಿ ಮ್ಯಾಲೆ ಒರಸ್ಬುಟ್ಟು ಹೋಯ್ತೀರಾ?"

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು.

ಆರಾಧ್ಯ ಮಠದ ಕಡೆ ತಿರುಗಿ ನೋಡಿದ. ಆ ನಲವತ್ತು ಜನರಲ್ಲಿ ಅವನ ಅಕ್ಷರಕ್ಕೆ ತಲೆದೂಗುವ ಪಂಡಿತರಿದ್ದರು. ಅವನಿಂದ ತಪ್ಪು ತಿದ್ದಿಸಿಕೊಂಡು ಬೇಸರಪಟ್ಟಿದ್ದ ಶಿಷ್ಯರಿದ್ದರು.

"ಪಂಕ್ತಿಯಲ್ಲೇ ಹೇಳುತ್ತೇನೆ," ಎಂದ. "ಇವತ್ತೇ. ನೀವು ಬಾಗಿಲಲ್ಲಿ ನಿಂತು ಕೇಳಿ. ಸರಿ ಅನ್ನಿಸದಿದ್ದರೆ ಮಧ್ಯಾಹ್ನ ಇನ್ನೊಂದು ಬಸ್ಸಿದೆ. ಗಂಟು ನಾನೇ ಹೊತ್ತು ತಂದು ಹತ್ತಿಸುತ್ತೇನೆ."

ಬಸ್ಸು ಬಂತು. ನಿಂತಿತು. ಕಂಡಕ್ಟರ್ ತಲೆ ಹೊರಗೆ ಹಾಕಿ, "ಬತ್ತೀರೇನವ್ವಾ?" ಎಂದ.

ಮಾದಮ್ಮ ಆರಾಧ್ಯನ ಮುಖವನ್ನು ಒಮ್ಮೆ ದಿಟ್ಟಿಸಿದಳು. ಕಂಡಕ್ಟರನಿಗೆ ಕೈ ಅಲ್ಲಾಡಿಸಿದಳು.

ಒಂದು ಗಂಟೆಗೆ ಎಲೆ ಹಾಕಿದರು. ಸಾರು ಬಡಿಸುವಾಗ ಆರಾಧ್ಯ ಎದ್ದು ನಿಂತ.

"ನಿನ್ನೆ ಯಂತ್ರದ ವಿಷಯ ಒಂದು ಮಾತು ಹೇಳಿದ್ದೆ. ಪರಿಶೀಲಿಸಿದಾಗ ಬೇರೆ ಕೆಲವು ಅಂಶಗಳೂ ಕಂಡುಬಂದವು..."

ಬಾಗಿಲಲ್ಲಿ ಮಾದಮ್ಮ ಗಂಟನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡಳು.

ಆರಾಧ್ಯ ನಿಲ್ಲಿಸಿದ.

"ನಾನು ನೋಡದೆ ಹೇಳಿದೆ. ಮಾದಮ್ಮನದು ಏನೂ ತಪ್ಪಿಲ್ಲ. ಯಂತ್ರ ಕೆಡಿಸಿದವನು ನಾನು. ನನ್ನ ಧೂಪದ ಮಸಿ, ನಾನು ಬಳಿದ ವಿಭೂತಿ, ನಾನು ಹಾಕಿದ ಹೂವಿನ ನಾರು. ಅವರನ್ನು ಎಲ್ಲರೆದುರಿಗೆ ಅವಮಾನ ಮಾಡಿದೆ. ಎಲ್ಲರೆದುರಿಗೆ ಕ್ಷಮೆ ಕೇಳುತ್ತೇನೆ."

ಸಾರಿನ ಬಕೆಟ್ಟು ಹಿಡಿದಿದ್ದ ಅಡಿಗೆಯ ಬೆಳ್ಳಪ್ಪ, "ಅಲ್ಲಾ ಅಯ್ನೋರೆ, ಅದಕ್ಕೆ ಹಾಕಿದ ಧೂಪದಲ್ಲಿ ನನ್ನ ಅಡಿಗೆಮನೆ ಸೊಳ್ಳೆಯಾದರೂ ಓಡ್ತಿತ್ತಲ್ಲ!" ಎಂದ.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಆರಾಧ್ಯನ ಕಿವಿ ಕೆಂಪಾಯಿತು. ಆದರೆ ಅವನು ತಲೆ ತಗ್ಗಿಸಲಿಲ್ಲ.

ಮಾದಮ್ಮ ನಗಲಿಲ್ಲ. ಗಂಟನ್ನು ಮೂಲೆಯಲ್ಲಿಟ್ಟಳು. ಗುರುಗಳ ಬಾಗಿಲಿಂದ ಪೊರಕೆ ತೆಗೆದುಕೊಂಡು, ಓಲೆಗರಿಯ ಕೋಣೆಯ ಕಡೆ ನಡೆದಳು.

ಮಧ್ಯಾಹ್ನವೆಲ್ಲ ಆರಾಧ್ಯ ಕೆಲಸ ಮಾಡಿದ. ಅರವತ್ತು ಚಿತ್ರ ತೆರೆದರೂ ಯಂತ್ರ ಮಿಸುಕಲಿಲ್ಲ. ಅದೇ ಕೋಣೆಯಲ್ಲಿ ಮಾದಮ್ಮ ಗುಡಿಸಿದಳು, ಒರೆಸಿದಳು. ಅವನು ಎರಡು ಸಲ ಮಾತಾಡಿಸಿದ. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಇಳಿಹೊತ್ತಿಗೆ ಗುರುಗಳು ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಆರಾಧ್ಯ ಹೋಗಿ ಪಕ್ಕದಲ್ಲಿ ನಿಂತ. ಅವನ ಮುಖದಲ್ಲಿ ನಿರಾಳವಿತ್ತು.

"ಎಲ್ಲ ಸರಿಹೋಯಿತು ಬುದ್ಧಿ. ಯಂತ್ರದ್ದು ಸದ್ದಿಲ್ಲ. ಮಾದಮ್ಮನದೂ ಸದ್ದಿಲ್ಲ."

ಗುರುಗಳು ನೀರನ್ನೇ ನೋಡುತ್ತಿದ್ದರು.

"ಸದ್ದು ಮಾಡುವುದನ್ನು ಯಾರು ಬೇಕಾದರೂ ರಿಪೇರಿ ಮಾಡಬಹುದು, ಆರಾಧ್ಯ."