ಒರೆಸಿದ ಬೋರ್ಡು

“ಬುದ್ಧೀ, ನಾಳೆ ನನ್ನ ತರಗತಿಗೆ ಬೇರೆ ಮೇಷ್ಟ್ರು ಬರುತ್ತಾರೆ. ಎಂಟು ವರ್ಷ ನಾನು ಮಾಡಿದ್ದೆಲ್ಲ ಏನಾಗಬೇಕು?” ಎಂದು ಶಿಷ್ಯ ಕೇಳಿದ.

ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅವನಿಗೆ ಗುರುಗಳು ದೂರದ ಶಾಖೆಯನ್ನು ನೋಡಿಕೊಳ್ಳಲು ಹೊರಡುವಂತೆ ಹೇಳಿದ್ದರು. ದೊಡ್ಡ ಜವಾಬ್ದಾರಿಯೇ. ಆದರೆ ಅವನಿಗೆ ಎದೆಯಲ್ಲಿ ಮುಳ್ಳು ಮುರಿದಂತಾಗಿತ್ತು. ಬೆಳಿಗ್ಗೆ ಬಣ್ಣದ ಸೀಮೆಸುಣ್ಣದಲ್ಲಿ ಕೊನೆಯ ಪಾಠ ಬರೆದು, ಕೆಳಗೆ ತನ್ನ ಹೆಸರು ಹಾಕಿ, ಇದನ್ನು ಯಾರೂ ಅಳಿಸಕೂಡದೆಂದು ಮಕ್ಕಳಿಗೆ ತಾಕೀತು ಮಾಡಿ ಬಂದಿದ್ದ. ಬೆರಳಿಗೆ ಮೆತ್ತಿದ ಪುಡಿ ಇನ್ನೂ ಹೋಗಿರಲಿಲ್ಲ.

ಗುರುಗಳು ಆ ಬೆರಳುಗಳನ್ನು ನೋಡಿ ಒಂದು ಕತೆ ಹೇಳಿದರು.

ಆಫ್ರಿಕಾದ ಒಂದು ದೇಶದಲ್ಲಿ ಒಬ್ಬ ಮೇಷ್ಟ್ರಿದ್ದರು. ಶಾಲೆಗೆ ಇದ್ದದ್ದು ಒಂದೇ ಕೋಣೆ. ಬೆಳಿಗ್ಗೆ ಚಿಕ್ಕವರಿಗೆ ಇವರ ಪಾಠ, ಮಧ್ಯಾಹ್ನ ದೊಡ್ಡವರಿಗೆ ಬೇರೆ ಮೇಷ್ಟ್ರದು. ತಮ್ಮ ಪಾಠ ಮುಗಿದ ಕೂಡಲೇ ಮೇಷ್ಟ್ರು ಬೋರ್ಡನ್ನು ಮೂಲೆ ಬಿಡದೆ ಒರೆಸಿ ಹೊರಡುತ್ತಿದ್ದರು. ಬಾಯಿಬಡಕಿ ಹುಡುಗಿಯೊಬ್ಬಳು, “ಬರೆಯುವವರೂ ನೀವೇ, ಅಳಿಸುವವರೂ ನೀವೇ. ಇದಕ್ಕೆ ಸಂಬಳ ಬೇರೆ” ಎಂದಳು.

“ಬರುವವರಿಗೆ ಜಾಗ ಬೇಡವೇನಮ್ಮ?” ಎಂದು ಮೇಷ್ಟ್ರು ನಕ್ಕರು.

ಮುಂದೆ ಅವರು ಶಿಕ್ಷಣ ಮಂತ್ರಿಯಾದರು. ಮಕ್ಕಳಿಗೆ ಮೊದಲ ಪಾಠಗಳು ಮನೆಮಾತಿನಲ್ಲೇ ಆಗಬೇಕೆಂದು ಹಟ ಹಿಡಿದರು. ಅಧಿಕಾರಿಗಳು ಮೂಗು ಮುರಿದರು. ಆದರೂ ಪುಸ್ತಕಗಳು ಬಂದವು, ಊರೂರಿಗೆ ಶಾಲೆಗಳು ಬಂದವು. ಅಷ್ಟರಲ್ಲಿ ಸರ್ಕಾರ ಬದಲಾಯಿತು. ಹೊಸಬರು ಅವರನ್ನು ರಾಯಭಾರಿ ಮಾಡಿ, ಹಿಮ ಬೀಳುವ ದೇಶವೊಂದಕ್ಕೆ ಸಾಗಹಾಕಿದರು. ಅವರು ಅಲ್ಲಿಯೂ ಚೆನ್ನಾಗಿಯೇ ಕೆಲಸ ಮಾಡಿಕೊಂಡಿದ್ದರು.

ಆ ಬಾಯಿಬಡಕಿ ಬೆಳೆದು ಆ ರಾಯಭಾರ ಕಚೇರಿಯಲ್ಲೇ ಅವರ ಕಾರ್ಯದರ್ಶಿಯಾಗಿದ್ದಳು. ಬಾಯಿ ಮಾತ್ರ ಹಾಗೇ ಇತ್ತು. ಒಂದು ದಿನ ಊರಿನ ಪತ್ರಿಕೆಯನ್ನು ತಂದು ಮೇಜಿನ ಮೇಲೆ ಬಡಿದಳು.

“ನೋಡಿ. ಶಾಲೆಗಳ ಗೋಡೆಯಿಂದ ನಿಮ್ಮ ಹೆಸರಿನ ಕಲ್ಲು ಕಿತ್ತಿದ್ದಾರೆ. ಪುಸ್ತಕದಲ್ಲಿ ನಿಮ್ಮ ಮುನ್ನುಡಿ ಹರಿದುಹಾಕಿದ್ದಾರೆ. ನಿಮಗೆ ಹೊಟ್ಟೆ ಉರಿಯುವುದಿಲ್ಲವೇ?”

“ಪಾಠ ಯಾವ ಮಾತಿನಲ್ಲಿ ನಡೆಯುತ್ತಿದೆ?”

“ಮನೆಮಾತಿನಲ್ಲೇ. ಅದನ್ನು ಮುಟ್ಟಿದರೆ ತಾಯಂದಿರು ಸುಮ್ಮನೆ ಬಿಡುತ್ತಾರೆಯೇ?”

“ಹಾಗಾದರೆ ಬೋರ್ಡು ಒರೆಸಿದ್ದಾರೆ, ಅಷ್ಟೇ. ಕೂತು ಚಹಾ ಕುಡಿ.”

ಮೇಷ್ಟ್ರು ನಟಿಸುತ್ತಿಲ್ಲವೆಂದು ಅವಳಿಗೆ ತಿಳಿಯಿತು. ಕೂತು ಚಹಾ ಕುಡಿದಳು.

ಕತೆ ಕೇಳಿ ಶಿಷ್ಯನಿಗೆ ಮನಸ್ಸು ಹಗುರಾಯಿತು. “ಎಂಥ ದೊಡ್ಡ ಮನುಷ್ಯರು, ಬುದ್ಧೀ” ಎಂದು ತಲೆದೂಗಿದ.

“ನೀನು ಬೋರ್ಡು ಒರೆಸಿ ಬಂದೆಯಾ?” ಎಂದರು ಗುರುಗಳು.

ಶಿಷ್ಯ ಬೆರಳುಗಳನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡ.