ಬಾಣಲೆಯ ಹೆಸರು, ಮುಚ್ಚಳದ ಮುನಿಸು

ನಮ್ಮ ಮನೆಯ ಬಾಣಲೆ ಬಜ್ಜಿ ಕರಿದರೆ ಮೂರು ಬೀದಿಯ ಮೂಗುಗಳು ಇತ್ತ ತಿರುಗುತ್ತಿದ್ದವು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ. ಅಕ್ಕಪಕ್ಕದ ಪಾತ್ರೆಗಳೆಲ್ಲ ಹಿಟ್ಟು ಕಲಸುವ ಹದವನ್ನು ಅದರ ಹತ್ತಿರವೇ ಕೇಳುತ್ತಿದ್ದವು. "ಎರಡು ಚಮಚ ಅಕ್ಕಿಹಿಟ್ಟು ಬೆರೆಸಿ, ಗರಿಗರಿಯಾಗುತ್ತದೆ" ಎಂದು ಬಾಣಲೆ ಬೀಗುತ್ತಿತ್ತು. ತನ್ನನ್ನು ಯಾರೂ ಏನೂ ಕೇಳುವುದಿಲ್ಲವೆಂದು ಮೂಲೆಯ ಮುಚ್ಚಳಕ್ಕೆ ಮೈಯೆಲ್ಲ ಉರಿ.

ಒಂದು ದಿನ ಎಣ್ಣೆ ಅತಿಯಾಗಿ ಕಾದು ಬಾಣಲೆಯಲ್ಲಿ ಬೆಂಕಿ ಎದ್ದಿತು. ನೀರಿನ ಬಿಂದಿಗೆ ಓಡಿಬಂತು.

"ಬರಬೇಡ ಬಿಂದಿಗಕ್ಕ. ಉರಿಯುವ ಎಣ್ಣೆಗೆ ನೀರು ಬಿದ್ದರೆ ಬೆಂಕಿ ಸೂರಿಗೇರುತ್ತದೆ" ಎಂದಿತು ಮುಚ್ಚಳ. ತಾನು ಮಾತ್ರ ಕದಲಲಿಲ್ಲ.

"ಹಾಗಾದರೆ ನೀನಾದರೂ ಬಾರಪ್ಪ" ಎಂದು ಬಾಣಲೆ ಗೋಗರೆಯಿತು.

"ಬಂದು ಉಳಿಸಿದರೆ ಹೆಸರು ಮತ್ತೆ ನಿನಗೇ ತಾನೆ?"

"ಕೇಳಿದವರಿಗೆಲ್ಲ ಮೊದಲು ನಿನ್ನ ಹೆಸರೇ ಹೇಳುತ್ತೇನೆ."

ಒಲೆಗೆ "ಆರಿಹೋಗು" ಎಂದು ಗದರಿ, ಮುಚ್ಚಳ ಬಾಣಲೆಯ ಮೇಲೆ ಭದ್ರವಾಗಿ ಕೂತಿತು. ಗಾಳಿಯಿಲ್ಲದೆ ಬೆಂಕಿ ನಂದಿತು.

ಬಾಣಲೆ ಮಾತಿಗೆ ತಪ್ಪಲಿಲ್ಲ. "ಕರಿಯುವ ಮೊದಲು ಮುಚ್ಚಳವನ್ನು ಪಕ್ಕದಲ್ಲಿಟ್ಟುಕೊಳ್ಳಿ" ಎಂದೇ ಪಾಠ ಶುರುಮಾಡಿತು. ವಾರದೊಳಗೆ ಪಾತ್ರೆಗಳೆಲ್ಲ ಮುಚ್ಚಳದ ಸುತ್ತ ನೆರೆದು, ಹಿಟ್ಟಿನ ಹದವನ್ನೂ ಅದನ್ನೇ ಕೇಳತೊಡಗಿದವು.

ಬಾಣಲೆ ಬಿಂದಿಗೆಯ ಕಿವಿಯಲ್ಲಿ ಮೆಲ್ಲಗೆ ಕೇಳಿತು: "ಅಕ್ಕ, ಈ ಚಪ್ಪಟೆ ಮೂತಿಯವನು ಒಂದು ಬಜ್ಜಿಯನ್ನಾದರೂ ಕರಿದಿದ್ದಾನಾ?"